ಹಳದಿ ನನ್ನವು, ನೀಲಿ ಅವನವು

ಜೂನ್ 29, ರವಿವಾರ

ಗೋಡೆ ಇವತ್ತು ಮುಗಿಯಿತು. ಗೌಂಡಿ ರೇವಪ್ಪ ಈ ಕಡೆ ಒಂದು ಚಹಾ, ಆ ಕಡೆ ಒಂದು ಚಹಾ ಕುಡಿದು, ಬನಹಟ್ಟಿಯಲ್ಲಿ ಇಂಥ ಗೋಡೆಯನ್ನು ತಾನು ಇದೇ ಮೊದಲು ಕಟ್ಟಿದ್ದು ಎಂದು ಎರಡೂ ಕಡೆ ಹೇಳಿ ಹೋದ.

ನಾನು ದಿನಚರಿ ಬರೆಯಲು ಕಾರಣ ನನ್ನ ಹೆಂಡತಿ ಗಂಗಾಂಬಿಕಾ. “ಬಿಪಿ ಐತಿ, ಸಿಟ್ಟ ಮಾಡಬ್ಯಾಡ್ರಿ ಅಂತ ಡಾಕ್ಟರ ಹೇಳ್ಯಾರ. ಬಾಯಿಲೆ ಬೈಯೂದ ಬಿಟ್ಟು ಬರದ ಬೈರಿ. ನಮ್ಮ ಕಿವಿಗೂ ಆರಾಮ” ಎಂದಳು. ಮೊದಲ ಬೈಗುಳ ನನ್ನ ಅಣ್ಣ ಚನಮಲ್ಲಪ್ಪನಿಗೇ ಸಲ್ಲಬೇಕು.

ಮಕ್ಕಳು ದೊಡ್ಡವರಾದರು, ಮನೆ ಸಾಲದಾಯಿತು, ಪಾಲು ಮಾಡಿಕೊಂಡೆವು. ಮಗ್ಗಗಳು ಅವನಿಗೆ, ಚಿಮ್ಮಡದ ಹೊಲ ನನಗೆ. ಒಂದು ಕೆಟ್ಟ ಮಾತಿಲ್ಲದೆ ಎಲ್ಲ ಮುಗಿಯುತ್ತ ಬಂದಿತ್ತು. ಕಡೆಗೆ ಪಂಚರು ಪಡಸಾಲೆಗೆ ಟೇಪು ಹಿಡಿದರು. ಗೆರೆ ನೇರವಾಗಿ ಮೀನಿನ ತೊಟ್ಟಿಯ ಮೇಲೆ ಹಾಯಿತು.

ಆರು ಫೂಟಿನ ಗಾಜಿನ ತೊಟ್ಟಿ. ಒಳಗೆ ಆಫ್ರಿಕಾದ ಸಿಕ್ಲಿಡ್ ಮೀನುಗಳು, ಮಲಾವಿ ಸರೋವರದ ಜಾತಿ. ಏಳು ಹಳದಿ, ಏಳು ನೀಲಿ. ಇಬ್ಬರೂ ಕೂಡಿಯೇ ತಂದದ್ದು. ಹಳದಿ ನಾನು ಆರಿಸಿದೆ, ನೀಲಿ ಅವನು ಆರಿಸಿದ. ತೊಟ್ಟಿ ನನಗಿರಲಿ ಎಂದೆ. ತನಗಿರಲಿ ಎಂದ. ಅಷ್ಟಕ್ಕೇ ನಿಲ್ಲಿಸದೆ ಪಂಚರ ಎದುರು, “ನಮ್ಮ ಪರಮ್ಯಾಗ ಒಂದು ಮೀನ ಸಾಕೂ ತಾಳ್ಮಿ ಇಲ್ರಿ” ಎಂದುಬಿಟ್ಟ. ನನಗೆ! ಐವತ್ತು ದಾಟಿದ ಪರಮಾನಂದನಿಗೆ!

ಪಂಚರಲ್ಲಿ ಹಿರಿಯರಾದ ಗಿರಿಮಲ್ಲಪ್ಪ ಕಾಕಾ ತೀರ್ಪು ಕೊಟ್ಟರು. ಗೋಡೆ ತೊಟ್ಟಿಯ ಸುತ್ತಲೂ ಏರಲಿ, ತೊಟ್ಟಿ ಮಾತ್ರ ನಡುವೆ ಕಿಟಕಿಯಂತೆ ಉಳಿಯಲಿ. ಒಂದು ಗಾಜು ಅವನ ಕಡೆ, ಒಂದು ಗಾಜು ನನ್ನ ಕಡೆ. ಮೇಲೆ ಕೈ ಆಡುವಷ್ಟು ಜಾಗ ಇರಲಿ. ಗಣೇಶ ಚೌತಿಯ ದಿನ ಎಣಿಕೆ. ಯಾರ ಬಣ್ಣದ ಮೀನು ಹೆಚ್ಚು ಉಳಿದಿರುತ್ತವೋ ತೊಟ್ಟಿ ಅವರದು. ಸೋತವನ ಕಡೆಗೆ ಇಟ್ಟಂಗಿ ಇಟ್ಟು ಮುಚ್ಚಿಬಿಡುವುದು.

ಅವತ್ತಿನಿಂದ ನಮ್ಮಿಬ್ಬರ ನಡುವೆ ಮಾತಿಲ್ಲ. ಅವನಾಗಿ ಮಾತಾಡುವವರೆಗೆ ನಾನು ಬಾಯಿ ಬಿಚ್ಚುವವನಲ್ಲ.

ಜುಲೈ 2, ಬುಧವಾರ

ಜಮಖಂಡಿಯ ಕಾಲೇಜು ಆಫೀಸು ಮುಗಿಸಿ ಬಂದು ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡೆ. ಆ ಕಡೆ ಅವನೂ ಹಾಕಿಕೊಂಡ. ಎರಡು ಗಾಜು, ನಡುವಿನ ನೀರು ದಾಟಿ ಬರುವಾಗ ಅವನ ಮೂಗು ಬದನೆಕಾಯಿಯಷ್ಟು ಕಾಣುತ್ತದೆ. ಅದೊಂದು ಸಮಾಧಾನ. ನನ್ನ ಮೂಗು ಅವನಿಗೆ ಹೇಗೆ ಕಾಣುತ್ತದೆ ಎಂಬುದಕ್ಕೂ ನನಗೂ ಸಂಬಂಧವಿಲ್ಲ.

ಅವನ ನೀಲಿಗಳಿಗೆ ಸಣ್ಣದೊಂದು ಕಿತಾಪತಿ ಮಾಡಬಹುದೇ ಎಂದು ಯೋಚಿಸಿದೆ. ತೊಂದರೆ ಎಂದರೆ ನೀರು ಒಂದೇ. ಅವನ ಮೀನಿಗೆ ಆದದ್ದು ನನ್ನ ಮೀನಿಗೂ ಆಗುತ್ತದೆ. ಪಂಚರು ಹೊಲ ಹಂಚಬಲ್ಲರು, ಮಗ್ಗ ಹಂಚಬಲ್ಲರು, ನೀರು ಹಂಚುವ ಪಂಚರು ಇನ್ನೂ ಹುಟ್ಟಿಲ್ಲ.

ನಮ್ಮ ಬೋರಿನ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ, ಬಿಂದಿಗೆಗೆ ಒಳಗಿಂದ ಬಿಳಿ ಪದರು ಕಟ್ಟುತ್ತದೆ. ಹೆಂಗಸರು ದಿನಾ ಶಪಿಸುವ ಈ ಗಡಸು ನೀರೇ ಸಿಕ್ಲಿಡ್‌ಗಳಿಗೆ ಅಮೃತ. ಅವುಗಳ ಸರೋವರದ ನೀರೂ ಹೀಗೇ ಇರುತ್ತದಂತೆ. ಫಿಲ್ಟರ್ ನೀರು ಕೊಟ್ಟರೆ ಸೊರಗುತ್ತವೆ. ಮೇಲಾಗಿ ನಮ್ಮವು ಕಲ್ಲಿನ ಮೇಲಿನ ಪಾಚಿ ಕೆರೆದು ತಿನ್ನುವ ಜಾತಿ, ಸೊಪ್ಪು ಕಾಳು ಹಾಕಿದರೆ ಸಾಕು. ಇದನ್ನೆಲ್ಲ ಹೇಳಿಯೇ ಅಣ್ಣ, ನಾನು ಜೋಡಿಯಾಗಿ ಮನೆಯವರನ್ನು ಒಪ್ಪಿಸಿದ್ದೆವು. ಆಗ ಅಣ್ಣನ ಹೆಂಡತಿ ಶಿವವ್ವ ವೈನಿ, “ಹಂಗಿದ್ರ ಕೊಳ್ಳಾಗ ಲಿಂಗ ಕಟ್ಟೂದೊಂದ ಬಾಕಿ ಉಳೀತು” ಎಂದಿದ್ದರು.

ಜುಲೈ 6, ರವಿವಾರ

ನೀಲಿಗಳಲ್ಲಿ ದೊಡ್ಡ ಗಂಡಿಗೆ ಅಣ್ಣ ಇಟ್ಟ ಹೆಸರು ಪೈಲ್ವಾನ. ನಡುವಿನ ಕಲ್ಲು ತನ್ನದೆಂದು ಹಿಡಿದುಕೊಂಡು, ಹತ್ತಿರ ಸುಳಿದವರನ್ನೆಲ್ಲ ಅಟ್ಟುತ್ತದೆ. ಸಾಕಿದವನ ಗುಣ. ಇವತ್ತು ನನ್ನ ಹಳದಿಗಳಲ್ಲಿ ಚೆಲುವೆಯಾದ ಬಂಗಾರೆವ್ವನ ಬಾಲ ಹರಿದಿದೆ.

ಸಿಕ್ಲಿಡ್ ಸಾಕುವವರಿಗೆ ಒಂದು ಉಪಾಯ ಗೊತ್ತಿರುತ್ತದೆ. ಕಲ್ಲುಗಳ ಜಾಗ ಬದಲಿಸಿದರೆ ಎಲ್ಲ ಮೀನಿಗೂ ತನ್ನ ಗಡಿ ಯಾವುದೆಂದು ಮರೆತುಹೋಗಿ ಜಗಳ ತಣ್ಣಗಾಗುತ್ತದೆ. ಅಣ್ಣ ಪೂಜೆಗೆ ಕೂತದ್ದು ನೋಡಿ ಅಂಗಿಯ ತೋಳು ಮಡಚಿದೆ. ಮುಧೋಳದ ಕಡೆಯಿಂದ ತಂದಿದ್ದ ಸುಣ್ಣಗಲ್ಲುಗಳನ್ನೆಲ್ಲ ತಿರುವಿಹಾಕಿದೆ. ಪೈಲ್ವಾನ ಮನೆ ಕಳೆದುಕೊಂಡು ಸುತ್ತುವುದನ್ನು ನೋಡಿ ಒಂದು ರೊಟ್ಟಿ ಹೆಚ್ಚಿಗೆ ಸೇರಿತು.

ಜುಲೈ 7, ಸೋಮವಾರ

ಕಲ್ಲುಗಳು ಮತ್ತೆ ಮೊದಲಿನ ಜಾಗದಲ್ಲಿವೆ. ನಾನು ಸ್ನಾನಕ್ಕೆ ಹೋದದ್ದೇ ತಪ್ಪಾಯಿತು.

ಜುಲೈ 12, ಶನಿವಾರ

ವಾರವಿಡೀ ನಾನು ಕಲ್ಲು ತಿರುವುವುದು, ಅವನು ಮರಳಿ ಇಡುವುದು. ಮೀನುಗಳು ಹೈರಾಣಾಗಿ ಜಗಳವನ್ನೇ ಬಿಟ್ಟಿವೆ. “ಈಗ ಆ ತೊಟ್ಟ್ಯಾಗ ಜಗಳಾಡೂವು ಎರಡ ಉಳದಾವ ನೋಡ್ರಿ, ಎರಡೂ ಹೊರಗ ಅದಾವ” ಎಂದಳು ಗಂಗಾಂಬಿಕಾ. ಅವಳಿಗೆ ಮೀನಿನ ವಿಷಯ ಏನು ಗೊತ್ತು?

ಅವಳೂ ವೈನಿಯೂ ತೊಟ್ಟಿಯ ಮೇಲಿನ ಸಂದಿಯಿಂದ ಪಲ್ಯದ ಬಟ್ಟಲು ದಾಟಿಸುತ್ತಾರೆ. ನಾನು ಬೇಡವೆನ್ನಲಿಲ್ಲ. ವೈನಿಯ ಎಣ್ಣೆಗಾಯಿಗೂ ಅಣ್ಣನ ಸೊಕ್ಕಿಗೂ ಸಂಬಂಧವಿಲ್ಲ.

ಜುಲೈ 29, ಮಂಗಳವಾರ

ಪಂಚಮಿ. ಬೆಳಿಗ್ಗೆಯಿಂದ ಉಂಡಿ ತಿಂದು ತಿಂದು ಬರೆಯಲು ಬಗ್ಗಲಾಗುತ್ತಿಲ್ಲ. ಎಳ್ಳುಂಡಿ, ಶೇಂಗಾದುಂಡಿ, ಬೇಸನ್ ಉಂಡಿ. ಎಲ್ಲರೂ ತಿನ್ನುವಾಗ ಮೀನುಗಳು ಗಾಜಿಗೆ ಬಾಯಿ ಹಚ್ಚಿ ನೋಡುತ್ತಿದ್ದವು. ಹಬ್ಬದ ದಿನ ಬರೇ ಪಾಲಕ್ ಸೊಪ್ಪು ಹಾಕಲು ಮನಸ್ಸು ಒಪ್ಪಲಿಲ್ಲ. ಯಾರೂ ಇಲ್ಲದಾಗ ಬೇಸನ್ ಉಂಡಿಯ ಒಂದು ಚೂರು ಉದುರಿಸಿದೆ. ಉಗುರಿನಷ್ಟು. ಅಷ್ಟರಿಂದ ಏನಾಗುತ್ತದೆ?

ಜುಲೈ 31, ಗುರುವಾರ

ನೀರು ಮಜ್ಜಿಗೆಯಾಗಿದೆ. ಮೇಲೆ ತುಪ್ಪದ ಪೊರೆ ತೇಲುತ್ತಿದೆ. ನಾಲ್ಕು ಮೀನುಗಳ ಹೊಟ್ಟೆ ಊದಿದೆ, ಎರಡು ಹಳದಿ, ಎರಡು ನೀಲಿ. ಮೂಲೆಯಲ್ಲಿ ನಿಂತು ಏದುಸಿರು ಬಿಡುತ್ತಿವೆ. ಈ ಜಾತಿಯ ಕರುಳು ಉದ್ದ; ಜಿಡ್ಡು ಕೊಟ್ಟರೆ ಹೊಟ್ಟೆ ಉಬ್ಬರಿಸಿ ಸಾಯುತ್ತವೆ. ಗೊತ್ತಿದ್ದೂ ಮಾಡಿದೆ.

ಆದರೆ ನನ್ನ ಉಗುರಿನಷ್ಟು ಚೂರಿಗೆ ಇಷ್ಟಾಗಲು ಸಾಧ್ಯವಿಲ್ಲ. ಗಂಗಾಂಬಿಕಾಳನ್ನು ಕೇಳಿದೆ. ಸೆರಗಿನ ಅಂಚು ಬೆರಳಿಗೆ ಸುತ್ತಿಕೊಂಡಳು. “ನಾನೂ ಒಂದ ತಟಗ ಹಾಕೀನ್ರಿ. ಹಬ್ಬ ಅಲ್ಲೇನ್ರಿ?” ಎಂದಳು. ಸಂದಿಯಿಂದ ವೈನಿಯನ್ನು ಕೇಳಿದಳು. ವೈನಿಯೂ ಒಂದು ಚೂರು ಹಾಕಿದ್ದರು. ಅಣ್ಣ ಅರ್ಧ ಶೇಂಗಾದುಂಡಿ ಹಾಕಿದ್ದನಂತೆ. ನಾಲ್ಕು ಜನ, ಒಬ್ಬರಿಗೊಬ್ಬರು ಹೇಳದೆ, ಒಂದೊಂದು ತಟಗು. ಎಲ್ಲರೂ ಕೂಡಿ ಇಡೀ ಪಂಚಮಿಯನ್ನೇ ಮೀನುಗಳ ಹೊಟ್ಟೆಗೆ ಹಾಕಿದ್ದೆವು.

ಸಿಟ್ಟು ಯಾರ ಮೇಲೆ ಮಾಡಬೇಕೋ ತಿಳಿಯಲಿಲ್ಲ. ಅಣ್ಣನ ಮೇಲೆ ಮಾಡಿದೆ.

ಆಗಸ್ಟ್ 1, ಶುಕ್ರವಾರ

ಒಂದು ನೀಲಿ ಸತ್ತಿತು. ಅವನದು. ಈಗ ನನ್ನವು ಏಳು, ಅವನವು ಆರು.

ಸತ್ತದ್ದು ನನ್ನ ಕಡೆಯ ಗಾಜಿಗೆ ಬಂದು ತೇಲುತ್ತಿತ್ತು. ತೆಗೆದು ಕೊಡಬೇಕೋ ಬೇಡವೋ ಎಂದು ನಿಂತೆ. ಆ ಕಡೆಯಿಂದ ಅವನ ಕೈ ಬಂತು, ನೀರಿನಲ್ಲಿ ತಡಕಾಡಿತು, ಸಿಗಲಿಲ್ಲ. ಅವನ ಕಣ್ಣು ಈಗೀಗ ಮಂಜು. ನಾನು ಮೀನನ್ನು ಒಂದು ಬೆರಳಿನಿಂದ ಮೆಲ್ಲಗೆ ಆ ಕಡೆ ದೂಡಿದೆ. ತೆಗೆದುಕೊಂಡು ಹೋಗಿ ಹಿತ್ತಲಿನ ಕರಿಬೇವಿನ ಬುಡದಲ್ಲಿ ಹುಗಿದನಂತೆ.

ಗೆಲ್ಲುತ್ತಿದ್ದೇನೆ. ಸಂತೋಷ ಆಗಬೇಕು. ಊಟ ಮಾತ್ರ ಸೇರಲಿಲ್ಲ; ಸಾರಿಗೆ ಉಪ್ಪು ಸರಿಯಿರಲಿಲ್ಲ.

ಆಗಸ್ಟ್ 2, ಶನಿವಾರ

ಉಬ್ಬರಕ್ಕೆ ಮದ್ದು ಉಪವಾಸ, ಮತ್ತು ದಿನಾ ಸ್ವಲ್ಪ ನೀರು ತೆಗೆದು ಹೊಸ ನೀರು ಹಾಕುವುದು. ಸ್ವಲ್ಪ ಎಂದರೆ ಸ್ವಲ್ಪವೇ. ನಾನೂ ಬದಲಿಸಿ ಅವನೂ ಬದಲಿಸಿದರೆ ಉಂಡಿಯ ಕಥೆಯೇ ಮತ್ತೆ. ಹೇಳದೆ ಗತಿಯಿಲ್ಲ. ಹೇಳಿದರೆ ನಾನೇ ಮೊದಲು ಮಾತಾಡಿದಂತೆ.

ಬಹಳ ವಿಚಾರ ಮಾಡಿ, ತೊಟ್ಟಿಗೆ ಮುಖ ಹಚ್ಚಿ ದೊಡ್ಡ ದನಿಯಲ್ಲಿ ಹೇಳಿದೆ: “ಬಂಗಾರೆವ್ವಾ, ಇವತ್ತ ನೀರ ನಾ ಬದಲಿ ಮಾಡೇನಿ. ಮತ್ತ ಯಾರರೇ ಕೈ ಹಾಕಿದ್ರ ನಿನ್ನ ಜೀವಕ್ಕ ಕುತ್ತ ನೋಡವಾ.”

ಆ ಕಡೆ ಕೆಮ್ಮು. ಆಮೇಲೆ: “ಪೈಲ್ವಾನ, ಕೇಳಿದ್ಯೇನಲೇ? ಹಂಗಾದ್ರ ನಾಳಿನ ಪಾಳಿ ನಮ್ಮದು.”

ನಾನು ಅವನೊಂದಿಗೆ ಮಾತಾಡಲಿಲ್ಲ. ಮೀನಿನೊಂದಿಗೆ ಮಾತಾಡಿದೆ. ಇದು ಸ್ಪಷ್ಟವಾಗಿರಲಿ.

ಆಗಸ್ಟ್ 6, ಬುಧವಾರ

ಮೂರೂ ರೋಗಿಗಳು ಚೇತರಿಸಿಕೊಂಡವು. ಇವತ್ತು ಪೈಲ್ವಾನನಿಗೆ ಅಣ್ಣ ಹೇಳಿದ್ದು: ನೂಲಿನ ಪೇಟೆ ಬಿದ್ದಿದೆ, ಮೊಣಕಾಲು ನೋವು ಹೆಚ್ಚಾಗಿದೆ, ಡಾಕ್ಟರು ಹತ್ತುವುದು ಇಳಿಯುವುದು ಬೇಡ ಎಂದಿದ್ದಾರೆ. ನಾನು ಬಂಗಾರೆವ್ವನಿಗೆ ಹೇಳಿದ್ದು: ಮೊಣಕಾಲಿಗೆ ಜಮಖಂಡಿಯಲ್ಲಿ ಒಬ್ಬ ಒಳ್ಳೆಯ ಡಾಕ್ಟರಿದ್ದಾರೆ, ಯಾರಾದರೂ ಬರುವುದಾದರೆ ಬೆಳಗಿನ ಬಸ್ಸಿಗೆ ನಾನು ಜಾಗ ಹಿಡಿದಿಡಬಲ್ಲೆ. ಅವನು ಪೈಲ್ವಾನನಿಗೆ ಹೇಳಿದ್ದು: ಮಂದಿಯ ಉಪಕಾರ ಬೇಡ ಎನ್ನು, ಆದರೆ ಬಸ್ಸು ಯಾವುದು ಕೇಳು. ಊಟಕ್ಕೆ ಕರೆದಾಗಲೇ ಎದ್ದದ್ದು.

ಎಂಥ ಹಟಮಾರಿ. ನನ್ನೊಂದಿಗೆ ಒಂದು ಮಾತೂ ಆಡುವುದಿಲ್ಲ.

ಆಗಸ್ಟ್ 10, ರವಿವಾರ

ಬಂಗಾರೆವ್ವ ಮೂರು ದಿನದಿಂದ ಏನೂ ತಿನ್ನುತ್ತಿಲ್ಲ. ಮತ್ತೆ ಉಬ್ಬರವೇನೋ ಎಂದು ಗಾಜಿಗೆ ಮುಖ ಹಚ್ಚಿ ನೋಡಿದೆ. ಹೊಟ್ಟೆ ಸರಿಯಾಗಿದೆ. ಊದಿದ್ದು ಗದ್ದ. ಬಾಯಿ ತೆರೆಯುತ್ತಿಲ್ಲ, ಒಳಗೆ ಏನೋ ಮೆಲ್ಲಗೆ ಮಗುಚುತ್ತಿದ್ದಾಳೆ.

ಮೊಟ್ಟೆ! ಈ ಜಾತಿಯ ಹೆಣ್ಣು ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು, ಮೂರು ವಾರದ ಹತ್ತಿರ ಉಪವಾಸ ಬಿದ್ದು, ಮರಿ ಈಜುವಂತಾದಾಗ ಬಿಡುತ್ತದೆ. ಕುಣಿಯುವಂತಾಯಿತು. ಎಣಿಕೆಗೆ ಹಳದಿ ಮರಿಗಳು ಬಂದರೆ ಅಣ್ಣ ಮುಗಿದ.

ಅಷ್ಟರಲ್ಲಿ ವೈನಿ ಆ ಕಡೆಯಿಂದ ಗಂಗಾಂಬಿಕಾಳಿಗೆ ಹೇಳುವುದು ಕೇಳಿಸಿತು: “ಗುರುವಾರ ಆ ಚಪ್ಪಟಿ ಕಲ್ಲಿನ ಮ್ಯಾಲ ಪೈಲ್ವಾನ ನಡುಗಿ ನಡುಗಿ ಆಕಿ ಸುತ್ತ ತಿರಗಾಕತ್ತಿದ್ದ. ನಾ ಕಣ್ಣಾರೆ ನೋಡೀನಿ.”

ಪೈಲ್ವಾನ! ಅಂದರೆ ತಾಯಿ ನನ್ನವಳು, ತಂದೆ ಅವನವನು. ಬೇರೆ ಬೇರೆ ಜಾತಿಯ ಸಿಕ್ಲಿಡ್‌ಗಳು ಒಂದೇ ತೊಟ್ಟಿಯಲ್ಲಿದ್ದರೆ ಹೀಗಾಗುತ್ತದೆ ಎಂದು ಕೇಳಿದ್ದೆ. ನನ್ನ ಮನೆಯಲ್ಲೇ ಆಗುತ್ತದೆ ಎಂದುಕೊಂಡಿರಲಿಲ್ಲ. ಹೇಳದೆ ಕೇಳದೆ ಸಂಬಂಧ ಬೆಳೆಸಿದ್ದಾರೆ. ಈ ಲೆಕ್ಕದಲ್ಲಿ ಅಣ್ಣ ನನಗೆ ಬೀಗನಾದ.

ಅವನಿಗೂ ಅದೇ ಹೊಳೆದಿರಬೇಕು. “ಪೈಲ್ವಾನ, ಬೀಗರ ಮಾರಿ ನೋಡಲೇ, ಹೆಂಗ ಗಂಟ ಹಾಕ್ಯಾರ” ಎಂದ. ನಗು ಬಂತು. ಅವನು ನೋಡಬಾರದೆಂದು ಪೇಪರು ಅಡ್ಡ ಹಿಡಿದೆ.

ಆಗಸ್ಟ್ 18, ಸೋಮವಾರ

ಶ್ರಾವಣ ಸೋಮವಾರ. ಹೆಂಗಸರಿಬ್ಬರಿಗೂ ಉಪವಾಸ. “ನಾವು ಒಂದೊತ್ತು ಬಿಟ್ಟು ಹತ್ತ ಸಲ ಹೇಳಕೋತೇವಿ. ಈ ಬಾಯಿಲ್ಲದ್ದ ನೋಡ್ರಿ, ಪಂಚಮಿ ಮುಂದ ಬಿಟ್ಟ ಊಟ ಇನ್ನೂ ಮಾಡಿಲ್ಲ” ಎಂದು ವೈನಿ ಬಂಗಾರೆವ್ವನಿಗೆ ಕೈ ಮುಗಿದರು. ಲೆಕ್ಕ ತಪ್ಪು, ಆದರೆ ತಿದ್ದಲಿಲ್ಲ.

ಆಮೇಲೆ ಇಬ್ಬರೂ ಸೇರಿ ಕುಬಸ ಮಾಡಿದರು. ಬಸುರಿಗೆ ಮಾಡುವಂತೆಯೇ! ತೊಟ್ಟಿಯ ಮುಚ್ಚಳದ ಮೇಲೆ ಹಸಿರು ಖಣ, ಹಸಿರು ಬಳೆ, ಈ ಕಡೆ ಒಂದು ಆರತಿ, ಆ ಕಡೆ ಒಂದು ಆರತಿ. ವೈನಿ ಉಂಡಿಯ ತಾಟು ಎತ್ತಿದ ಕೂಡಲೆ ನಾನು, “ಬಂಗಾರೆವ್ವಾ, ತಿನಬ್ಯಾಡ!” ಎಂದು ಚೀರಿದೆ. ಅದೇ ಕ್ಷಣಕ್ಕೆ ಆ ಕಡೆಯಿಂದ, “ಪೈಲ್ವಾನ, ಬಾಯಿ ಮುಚ್ಚಲೇ!” ಉಂಡಿಯನ್ನು ಅಣ್ಣ, ನಾನು ಇಬ್ಬರೇ ತಿಂದೆವು. ಅವನು ತನ್ನ ಪಾಲು ತಿಂದು, ಸಂದಿಯಿಂದ ಕೈ ಹಾಕಿ ನನ್ನದರಲ್ಲೂ ಒಂದು ಎತ್ತಿಕೊಂಡ.

ಆಗಸ್ಟ್ 24, ರವಿವಾರ

ಗಿರಿಮಲ್ಲಪ್ಪ ಕಾಕಾ ನೆನಪು ಮಾಡಿ ಹೋದರು. ಬುಧವಾರ ಎಣಿಕೆ. ರೇವಪ್ಪ ಬಂದು ಅಣ್ಣನ ಕಡೆ ಇಟ್ಟಂಗಿ ಒಟ್ಟಿ, ಉಸುಕು ಸುರಿದು ಹೋದ. ಏಳಕ್ಕೆ ಆರು ಎಂಬುದು ಓಣಿಗೆಲ್ಲ ಗೊತ್ತು. ಗೆದ್ದಂತೆಯೇ.

ಸಂಜೆ ಅಣ್ಣ ಕುರ್ಚಿ ಹಾಕಿಕೊಂಡು ಕೂತ. ಪೈಲ್ವಾನನಿಗೂ ಏನೂ ಹೇಳಲಿಲ್ಲ. ನಾನು ಬಂಗಾರೆವ್ವನಿಗೆ ಎರಡು ಸಲ ಮಾತು ತೆಗೆದೆ. ಅವನು ಇಟ್ಟಂಗಿ ನೋಡುತ್ತ ಕೂತ. ಬಹಳ ಸೆಕೆ ಇವತ್ತು. ಕೂತಲ್ಲಿ ಕೂರಲಾಗಲಿಲ್ಲ.

ಆಗಸ್ಟ್ 26, ಮಂಗಳವಾರ

ಒಂದು ವಿಚಾರ ಬಂದಿದೆ. ನಾಳೆ ಎಣಿಕೆಗೆ ಮೊದಲು ಒಂದು ಹಳದಿಯನ್ನು ಹಿಡಿದು ಅಡುಗೆಮನೆಯ ಬಿಂದಿಗೆಯಲ್ಲಿ ಇಟ್ಟರೆ ಆರಕ್ಕೆ ಆರು. ಸಮಸಮ. ಕಾಕಾ ಇನ್ನೊಂದು ಗಡುವು ಕೊಟ್ಟು ಹೋಗುತ್ತಾರೆ.

ಇದು ಕರುಣೆಯಲ್ಲ, ಲೆಕ್ಕಾಚಾರ. ಅವನ ಕಡೆ ಇಟ್ಟಂಗಿ ಬಿದ್ದರೆ ನಾನು ಗೆದ್ದದ್ದನ್ನು ದಿನಾ ನೋಡುವವರು ಯಾರು? ಸೋತವನ ಮೂಗು ಕಾಣದಿದ್ದರೆ ಗೆದ್ದು ಏನು ಸುಖ?

ಗಂಗಾಂಬಿಕಾಳಿಗೆ ಹೇಳಿಲ್ಲ. ಹೇಳಿದರೆ ನಗುತ್ತಾಳೆ.

ಆಗಸ್ಟ್ 27, ಬುಧವಾರ, ಗಣೇಶ ಚೌತಿ

ಇದ್ದದ್ದು ಇದ್ದಂತೆ ಬರೆಯುತ್ತೇನೆ.

ಅಣ್ಣ ಗಣಪತಿ ತರಲು ಹೋದಾಗ ಬಲೆ ಹಾಕಿದೆ. ಚುರುಕಾಗಿದ್ದ ಹಳದಿಗಳಲ್ಲಿ ಒಂದೂ ಸಿಗಲಿಲ್ಲ. ಸಿಕ್ಕವಳು ಮೂಲೆಯಲ್ಲಿ ಸುಮ್ಮನೆ ನಿಂತಿದ್ದ ಬಂಗಾರೆವ್ವ. ಅವಳನ್ನೇ ತೊಟ್ಟಿಯ ನೀರು ತುಂಬಿದ ಬಿಂದಿಗೆಗೆ ಬಿಟ್ಟು, ಮೇಲೆ ತಾಟು ಮುಚ್ಚಿದೆ.

ಮಧ್ಯಾಹ್ನ ಕಾಕಾ ಬಂದು ಅಣ್ಣನ ಕಡೆ ಕೂತರು. ರೇವಪ್ಪ ಕರಣೆ ಹಿಡಿದು ನಿಂತ. ಕಾಕಾ ಗಾಜಿಗೆ ಬೆರಳಿಟ್ಟು ಎಣಿಸಿದರು. ನೀಲಿ ಆರು. ಹಳದಿ… ಆರು. ಮತ್ತೆ ಎಣಿಸಿದರು. ಆರೇ. “ಸಮ ಆತಲ್ಲಪಾ!” ಎಂದರು. ನಾನು ಈ ಕಡೆ ಉಸಿರು ಬಿಟ್ಟೆ. ಉಳಿಯಿತು.

ಆಗ ಅಣ್ಣ ಎದ್ದ. ಮೊಣಕಾಲು ಹಿಡಿದವನು, ಕುರ್ಚಿ ಕೆಡವಿ ಎದ್ದ.

“ಸಮ ಅಲ್ರಿ ಕಾಕಾ, ಬಂಗಾರೆವ್ವ ಇಲ್ಲ! ಬಾಯಾಗ ಮರಿ ಇಟಗೊಂಡಾಕಿ ಇಲ್ಲ!” ತೋಳಿನವರೆಗೆ ಕೈ ನೀರಿಗಿಳಿಸಿ ಕಲ್ಲು ಎತ್ತತೊಡಗಿದ. “ಕಲ್ಲಿನ ಕೆಳಗ ಸಿಕ್ಕಾಳೋ ಏನೋ. ಪರಮ್ಯಾ! ಲೇ ಪರಮ್ಯಾ, ಏನ ನಿಂತ ನೋಡತೀಯೋ, ಆ ಕಡೆ ಕಲ್ಲ ಎತ್ತಲೇ!”

ಚಿಕ್ಕವನಿದ್ದಾಗ ನಾನು ಬಾವಿಯಲ್ಲಿ ಜಾರಿದ್ದೆ. ಆಗ ಅಣ್ಣ ಇದೇ ದನಿಯಲ್ಲಿ ನನ್ನ ಹೆಸರು ಕೂಗಿ ಮೇಲಿಂದ ಜಿಗಿದಿದ್ದ. ಅವಳು ಸಿಕ್ಕರೆ ಏಳಕ್ಕೆ ಆರಾಗಿ ತಾನು ಸೋಲುತ್ತೇನೆಂದು ಅವನಿಗೆ ಗೊತ್ತಿಲ್ಲದೆ ಇರಲಿಲ್ಲ. ಆದರೂ ಕಲ್ಲು ಎತ್ತುತ್ತಲೇ ಇದ್ದ.

“ಒಳಗ ಬಿಂದಿಗ್ಯಾಗ ಅದಾಳ, ಅಣ್ಣಾ” ಎಂದೆ.

ಅಣ್ಣ ಕೈ ಒರೆಸಿಕೊಳ್ಳದೆ, ತಲೆಬಾಗಿಲು ದಾಟಿ, ಓಣಿಯಲ್ಲಿ ಸುತ್ತು ಹಾಕಿ, ಗೋಡೆ ಎದ್ದ ಮೇಲೆ ಮೊದಲ ಸಲ ನನ್ನ ಮನೆಯೊಳಗೆ ಬಂದ. ಅವನ ಹಿಂದೆ ಕಾಕಾ, ರೇವಪ್ಪ, ವೈನಿ. ಗಂಗಾಂಬಿಕಾ ತಾಟು ತೆಗೆದಳು. ಬಲೆಗೆ ಸಿಕ್ಕ ಗಾಬರಿಗೆ ಬಂಗಾರೆವ್ವ ಬಾಯಿ ಬಿಟ್ಟಿದ್ದಳು. ಬಿಂದಿಗೆಯ ತುಂಬ ಸಾಸಿವೆಗಿಂತ ಸ್ವಲ್ಪ ದೊಡ್ಡ ಮರಿಗಳು, ಕಣ್ಣು ಬಿಟ್ಟುಕೊಂಡು, ಓಡಾಡುತ್ತಿದ್ದವು.

ಯಾಕೆ ಬಚ್ಚಿಟ್ಟೆ ಎಂದು ಯಾರೂ ಕೇಳಲಿಲ್ಲ. ಅಣ್ಣ ನನ್ನನ್ನೇ ನೋಡಿದ. ನಾನು ಬಿಂದಿಗೆ ನೋಡಿದೆ. “ಹುಚ್ಚ ಸೂಳಿಮಗನ” ಎಂದ. ನಮ್ಮಿಬ್ಬರಿಗೂ ಅವ್ವ ಒಬ್ಬಳೇ ಎಂಬುದು ಅವನಿಗೆ ಆಮೇಲೆ ನೆನಪಾಗಿ ನಾಲಿಗೆ ಕಚ್ಚಿಕೊಂಡ.

ಕಾಕಾ ಬಿಂದಿಗೆಗೆ ಬಗ್ಗಿ, “ಇವು ಹಳದಿನೂ ಅಲ್ಲ, ನೀಲಿನೂ ಅಲ್ಲ. ಯಾರ ಲೆಕ್ಕಕ್ಕ ಹಿಡೀಲ್ರೋ?” ಎಂದರು.

“ತಾಯಿ ನನ್ನಾಕಿ” ಎಂದೆ. “ಅಪ್ಪ ನನ್ನಾಂವ” ಎಂದ. “ಸಾಕಿದಾಂವ ನಾನು” ಎಂದೆ. “ನಿನಗ ಸಾಕೂ ತಾಳ್ಮಿ ಎಲ್ಲೈತಲೇ” ಎಂದ. ಕಾಕಾ ಕೈ ಕೊಡವಿ ಕಡುಬಿನ ವಾಸನೆ ಹಿಡಿದು ಅಡುಗೆಮನೆಗೆ ನಡೆದರು. ಮರಿಗಳನ್ನು ದೊಡ್ಡವುಗಳೊಂದಿಗೆ ಬಿಟ್ಟರೆ ನುಂಗಿಬಿಡುತ್ತವೆ, ಅವಕ್ಕೆ ಬೇರೆ ತೊಟ್ಟಿ ಬೇಕು. ಅದನ್ನು ತನ್ನ ಪಡಸಾಲೆಯಲ್ಲಿ ಇಡಬೇಕೆಂದು ಅವನು, ನನ್ನಲ್ಲೇ ಇಡಬೇಕೆಂದು ನಾನು. ರೇವಪ್ಪನಿಗೆ ಆ ಇಟ್ಟಂಗಿಯಿಂದ ಕಟ್ಟೆ ಕಟ್ಟಲು ಹೇಳಿದೆವು. ಎಲ್ಲಿ ಎಂದು ಅವನು ಕೇಳಿದ್ದಕ್ಕೆ ಇನ್ನೂ ಉತ್ತರ ಸಿಕ್ಕಿಲ್ಲ. ನನ್ನ ಹೊಸ್ತಿಲಲ್ಲಿ ಕೂತು ಕಡುಬು ತಿನ್ನುತ್ತಿದ್ದಾನೆ. ಅಣ್ಣ ಜಗಳವಾಡಿ ದಣಿದು ನನ್ನ ಮಂಚದ ಮೇಲೇ ಮಲಗಿದ್ದಾನೆ. ಗೊರಕೆ ಕೇಳಿಸುತ್ತಿದೆ. ನಾನು ಎಲ್ಲಿ ಮಲಗಬೇಕೋ ಏನೋ.

ಇರಲಿ. ಒಟ್ಟಿನಲ್ಲಿ ಗೆದ್ದವನು ನಾನೇ. ಮೊದಲು ಮಾತಾಡಿದವನು ಅವನು. ಎದ್ದ ಕೂಡಲೆ ಅವನಿಗೆ ಹೇಳಬೇಕು.